ಬಾಗಿಲು ಒಡೆಯುವವರು, ಪಂಚನಾಮೆ ಬರೆಯುವವರು

ಪೊಲೀಸ್ ಧಾರಾವಾಹಿಯು ಪತ್ತೇದಾರಿ ಕಾದಂಬರಿಯಿಂದ ಹುಟ್ಟಿದ ಪ್ರಕಾರವಾದರೂ ಒಂದು ಮುಖ್ಯ ಸಂಗತಿಯಲ್ಲಿ ಅದರಿಂದ ಬೇರೆಯಾಗಿದೆ. ಎನ್. ನರಸಿಂಹಯ್ಯನವರು ಕನ್ನಡದ ಮನೆಮನೆಗೆ ಮುಟ್ಟಿಸಿದ ಪತ್ತೇದಾರ ಪುರುಷೋತ್ತಮನಂಥ ನಾಯಕನು ತನ್ನ ಬುದ್ಧಿಯನ್ನೇ ನಂಬಿ ಒಗಟು ಬಿಡಿಸುತ್ತಾನೆ. ಪೊಲೀಸ್ ಧಾರಾವಾಹಿಯಲ್ಲಿ ಆ ಕೆಲಸವನ್ನು ಒಂದು ಕಚೇರಿಯೇ ಮಾಡುತ್ತದೆ, ಅಂದರೆ ಮೇಲಧಿಕಾರಿ, ಅವನ ಕೈಕೆಳಗಿನವರು, ಪ್ರಯೋಗಾಲಯ ಮತ್ತು ವಿಚಾರಣೆಯ ಕೊಠಡಿ ಎಲ್ಲವೂ ಸೇರಿ ಮಾಡುತ್ತವೆ. ಅಮೆರಿಕದಲ್ಲಿ 1951ರಲ್ಲಿ ಕಿರುತೆರೆಗೆ ಬಂದ ‘ಡ್ರ್ಯಾಗ್ನೆಟ್’ ಈ ಬಗೆಗೆ ಅಚ್ಚು ಹಾಕಿಕೊಟ್ಟಿತು. ಭಾರತದಲ್ಲಿ ಇದರ ಅತಿ ದೀರ್ಘಾಯುಷಿ ರೂಪವೆಂದರೆ ಬಿ.ಪಿ. ಸಿಂಗ್ ಅವರು ರೂಪಿಸಿದ, 1998ರ ಜನವರಿ 21ರಂದು ಸೋನಿ ವಾಹಿನಿಯಲ್ಲಿ ಆರಂಭವಾಗಿ, 2018ರ ಅಕ್ಟೋಬರ್‌ವರೆಗೆ 1,500ಕ್ಕೂ ಹೆಚ್ಚು ಕಂತುಗಳನ್ನು ಕಂಡು, 2024ರ ಡಿಸೆಂಬರ್‌ನಲ್ಲಿ ಮರಳಿ ಬಂದ ‘ಸಿಐಡಿ’. ಡಬ್ಬಿಂಗಿಗೆ ಕನ್ನಡ ಚಿತ್ರೋದ್ಯಮದಲ್ಲಿ ದಶಕಗಳ ಕಾಲ ಇದ್ದ ವಿರೋಧವನ್ನು ಸ್ಪರ್ಧಾ ಆಯೋಗವು 2015ರಲ್ಲಿ ಕಾನೂನಿಗೆ ಹೊರತೆಂದು ಹೇಳುವವರೆಗೆ ಕರ್ನಾಟಕದ ವೀಕ್ಷಕರಿಗೆ ಮೂಲ ಭಾಷೆಯೇ ಗತಿಯಾಗಿದ್ದುದರಿಂದ, ನರಗುಂದ, ರೋಣ, ಗಜೇಂದ್ರಗಡದ ಮನೆಗಳು ಅದನ್ನು ಹಿಂದಿಯಲ್ಲಿಯೇ ನೋಡಿದವು. ದಖನಿ ಉರ್ದು ಕಿವಿಗೆ ಬಿದ್ದು ಬೆಳೆದ ಊರುಗಳಿಗೆ ಅದೇನೂ ತೊಡಕೆನಿಸಲಿಲ್ಲ.

ಈ ಧಾರಾವಾಹಿಯ ಆಕರ್ಷಣೆ ಎಂಥದು ಮತ್ತು ಅದು ನೋಡುಗರಲ್ಲಿ ಏನನ್ನು ಉಳಿಸುತ್ತದೆ ಎಂಬ ಪ್ರಶ್ನೆಗೆ ಎರಡು ಕಡೆಗಳಿರುವುದರಿಂದ ಇಲ್ಲಿ ಇಬ್ಬರನ್ನು ಕಲ್ಪಿಸಿಕೊಂಡಿದೆ. ಒಬ್ಬರು ನರಗುಂದದಲ್ಲಿ ನೆಲೆಸಿರುವ ನಿವೃತ್ತ ಹವಾಲ್ದಾರರು; ಇನ್ನೊಬ್ಬಳು ಪಿಎಸ್ಐ ಪರೀಕ್ಷೆಗೆ ಓದುತ್ತಿರುವ, ಕಾನೂನಿನ ಪುಸ್ತಕವನ್ನು ಕೈಬಿಡದ ಯುವತಿ. ಧಾರಾವಾಹಿಯನ್ನು ಮೆಚ್ಚುವವರು ಖಾಕಿ ತೊಟ್ಟು ಸವೆದ ಹಿರಿಯರೇ ಹೊರತು ಖಾಕಿ ತೊಡಲು ಹೊರಟವಳಲ್ಲ. ಊರಿನ ಆಡುಮಾತಿನಲ್ಲಿ ನಡೆಯಬಹುದಾದ ಈ ಮಾತುಕತೆಯನ್ನು ಬರಹದ ಕನ್ನಡಕ್ಕೆ ತಂದಿದೆ.

ಯುವತಿ: ಕಾಕಾ, ಆ ಧಾರಾವಾಹಿಯ ಹೆಚ್ಚಿನ ಕಂತುಗಳು ಮುಗಿಯುವುದು ಒಂದೇ ಬಗೆಯಲ್ಲಿ: ತಂಡದ ಮುಖ್ಯಸ್ಥ ಎಸಿಪಿ ಪ್ರದ್ಯುಮನ್ ಬೆರಳಾಡಿಸುತ್ತ ಘಟನೆಯನ್ನೆಲ್ಲ ಹೇಳುತ್ತಾರೆ, ಆರೋಪಿಯ ಕೆನ್ನೆಗೆ ಏಟು ಬೀಳುತ್ತದೆ, ಅವನು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತಾನೆ. ಆದರೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮೂ ಅದನ್ನೇ ಹೇಳುತ್ತದೆ. ಅಂದರೆ ಕಥೆಯ ಅತ್ಯಂತ ರೋಚಕ ಘಳಿಗೆಗೆ ನ್ಯಾಯಾಲಯದಲ್ಲಿ ಚಿಕ್ಕಾಸಿನ ಬೆಲೆಯೂ ಇಲ್ಲ. ಇಪ್ಪತ್ತು ವರ್ಷ ಒಂದು ದೇಶಕ್ಕೆ ತಪ್ಪು ಕಾನೂನು ಕಲಿಸಿದ ಕಾರ್ಯಕ್ರಮವನ್ನು ಮೆಚ್ಚುವುದು ಹೇಗೆ?

ಹಿರಿಯರು: ಆ ಕಲಮು ಠಾಣೆಯಲ್ಲಿ ಯಾರಿಗೆ ಗೊತ್ತಿಲ್ಲ, ತಂಗಿ? ಒಪ್ಪಿಗೆಯ ಮಾತಿನಿಂದ ಬಚ್ಚಿಟ್ಟ ಕುಡುಗೋಲು ಸಿಕ್ಕರೆ, ಅದು ಸಿಗಲು ಕಾರಣವಾದ ಮಾತಿನಷ್ಟು ಭಾಗ ಮಾತ್ರ ನಿಲ್ಲುತ್ತದೆ ಎಂಬ ವಿನಾಯಿತಿಯೂ ಗೊತ್ತು. ಅದಕ್ಕೇ ಪಂಚರನ್ನು ಕರೆದುಕೊಂಡು ಹೋಗಿ ಪಂಚನಾಮೆ ಬರೆಯುವುದು. ಪಂಚನಾಮೆ ಎಂದರೆ ಸ್ಥಳದಲ್ಲಿ ಕಂಡದ್ದನ್ನು ಊರಿನ ಸಾಕ್ಷಿದಾರರ ಎದುರು ಬರೆದು ಅವರ ಸಹಿ ಪಡೆದ ಕಾಗದ. ಆದರೆ ಧಾರಾವಾಹಿಯನ್ನು ನೋಡುವವನು ಕಾನೂನು ಕಲಿಯಲು ಕುಳಿತಿರುವುದಿಲ್ಲ. ಜಿಲ್ಲೆಯ ಒಬ್ಬ ಪೇದೆಯ ಆಯುಷ್ಯ ಎಲ್ಲಿ ಕಳೆಯುತ್ತದೆ ಎಂದು ಲೆಕ್ಕ ಹಾಕಿ ನೋಡು: ಜಾತ್ರೆಯ ತೇರು, ಚುನಾವಣೆಯ ಮತಗಟ್ಟೆ, ಮಂತ್ರಿಗಳ ಪ್ರವಾಸ, ಮೆರವಣಿಗೆ, ಸಮನ್ಸು ಹಂಚುವುದು, ಕೈದಿಯನ್ನು ನ್ಯಾಯಾಲಯಕ್ಕೆ ಕರೆದೊಯ್ದು ಮುಂದಿನ ತಾರೀಖು ಕೇಳಿಕೊಂಡು ಮರಳುವುದು. ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹಿಡಿದು ನಡೆಸಿ, ‘ಇವನೇ’ ಎಂದು ಬೆರಳು ತೋರಿಸುವ ಭಾಗ್ಯ ಎಷ್ಟು ಜನ ಪೊಲೀಸರಿಗೆ ಬರುತ್ತದೆ? ಆ ಧಾರಾವಾಹಿಯಲ್ಲಿ ಪೊಲೀಸರಿಗೆ ತನಿಖೆ ಮಾಡಲು ಪುರುಸೊತ್ತಿದೆ. ಬಂದೋಬಸ್ತಿನಲ್ಲಿ ಬಿಸಿಲು ಕಾಯ್ದು ಬಂದವನಿಗೆ ಅದಕ್ಕಿಂತ ದೊಡ್ಡ ಸುಖ ಬೇಕೆ?

ಯುವತಿ: ಪುರುಸೊತ್ತಿನ ಮಾತೇ ದೊಡ್ಡ ಸುಳ್ಳು. ಮುಕ್ಕಾಲು ಗಂಟೆಯಲ್ಲಿ ಶವ, ಸುಳಿವು, ಸಂಶಯ, ಬಂಧನ ಎಲ್ಲವೂ ಮುಗಿಯುತ್ತವೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಧಾರವಾಡದ ಕಲ್ಯಾಣನಗರದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ರಾಜ್ಯದ ನಿಜವಾದ ಸಿಐಡಿ ಅದನ್ನು ವರ್ಷಗಟ್ಟಲೆ ತನಿಖೆ ಮಾಡಿತು. ಕೊನೆಗೆ ಸುಪ್ರೀಂ ಕೋರ್ಟು ಅದನ್ನು ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿ, ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಹೊತ್ತಿಗೆ 2019ರ ಆಗಸ್ಟ್ ಬಂದಿತ್ತು. ದೋಷಾರೋಪ ಪಟ್ಟಿ ಎಂಬುದು ತನಿಖೆಯ ಕೊನೆ ಮಾತ್ರ, ವಿಚಾರಣೆಯ ಆರಂಭ. ಧಾರಾವಾಹಿ ನೋಡಿ ಬೆಳೆದ ಜನ ಈ ನಾಲ್ಕು ವರ್ಷಗಳನ್ನು ಪೊಲೀಸರ ಸೋಮಾರಿತನವೆಂದೋ ಸಂಚೆಂದೋ ತಿಳಿದರೆ ತಪ್ಪು ಯಾರದು?

ಹಿರಿಯರು: ಅದೇ ಉದಾಹರಣೆಯನ್ನು ತಿರುಗಿಸಿ ನೋಡಬೇಕು. ಆ ಪ್ರಕರಣದ ಕೀಲಿ ಸಿಕ್ಕಿದ್ದು ಎಲ್ಲಿ? 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾದ ಮೇಲೆ, ಎರಡೂ ಕಡೆ ಸಿಕ್ಕ ಗುಂಡು ಮತ್ತು ಕೊಳವೆಗಳ ಮೇಲಿನ ಗೀರುಗಳನ್ನು ಹೋಲಿಸಿ ಪಿಸ್ತೂಲು ಒಂದೇ ಎಂದು ವಿಧಿವಿಜ್ಞಾನ ಪ್ರಯೋಗಾಲಯವು ವರದಿ ಕೊಟ್ಟಾಗ. ವಿಧಿವಿಜ್ಞಾನ ಎಂದರೆ ನ್ಯಾಯಾಲಯಕ್ಕೆ ಸಾಕ್ಷ್ಯ ಒದಗಿಸುವ ವಿಜ್ಞಾನವೆಂಬುದನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟದ್ದು ಯಾವ ಪಠ್ಯಪುಸ್ತಕ? ಧಾರಾವಾಹಿಯ ವಿಧಿವಿಜ್ಞಾನಿ ಡಾಕ್ಟರ್ ಸಾಳುಂಖೆಯ ಆ ಕೋಣೆಯೇ. ಅವರು ಗಾಜಿನ ನಳಿಕೆಯೊಂದರಲ್ಲಿ ಕೆಂಪು ದ್ರವ ಸುರಿದು, ಇನ್ನೊಂದರಿಂದ ನೀಲಿ ಹನಿ ಬೀಳಿಸಿ, ಅದು ಹೊಗೆಯಾಡಿ ಬಣ್ಣ ತಿರುಗಿದ ಕೂಡಲೇ ವಿಷದ ಹೆಸರು ಹೇಳಿಬಿಡುವುದು ಮಕ್ಕಳಾಟವೇ ಸರಿ. ಎಸಿಪಿಯೂ ಅವರೂ ಕಾಲೆಳೆದಾಡುವುದಂತೂ ದಾಯಾದಿಗಳ ಜಗಳದಂತಿರುತ್ತದೆ. ಆದರೂ ಆ ಆಟದೊಳಗೆ ಒಂದು ಮಾತು ನೋಡುಗನ ಮನಸ್ಸಿಗೆ ಇಳಿಯಿತು: ಹೊಡೆತಕ್ಕಿಂತ ಮೊದಲು ಕೂದಲೆಳೆ, ಉಗುರಿನ ಮಣ್ಣು, ಚಪ್ಪಲಿಯ ಅಚ್ಚು ಮಾತಾಡಬೇಕು. ಜನ ಮೊದಲು ಹೆಣದ ಸುತ್ತ ನೆರೆದು ತುಳಿದಾಡುತ್ತಿದ್ದರು. ಈಗ ‘ಯಾರೂ ಮುಟ್ಟಬೇಡಿ’ ಎಂದು ಊರವರೇ ಹೇಳುತ್ತಾರೆ.

ಯುವತಿ: ಅಷ್ಟನ್ನು ಒಪ್ಪಬಹುದು. ಅದರ ಶೈಲಿಯಲ್ಲಿ ಬೇಡವೆಂದರೂ ಹಿಡಿದು ಕೂರಿಸುವ ಗುಣ ಇರುವುದನ್ನೂ ಒಪ್ಪಬೇಕು. ಒಂದು ವಾಕ್ಯವನ್ನು ಒಬ್ಬರೇ ಹೇಳಿ ಮುಗಿಸುವುದಿಲ್ಲ: ತಂಡದ ಅಧಿಕಾರಿ ಅಭಿಜಿತ್ ಆರಂಭಿಸುತ್ತಾನೆ, ಅವನ ಜೊತೆಗಾರ ದಯಾ ಮುಂದುವರಿಸುತ್ತಾನೆ, ಎಸಿಪಿ ಮುಗಿಸುತ್ತಾರೆ, ಪ್ರತಿ ತುಂಡಿಗೂ ಕ್ಯಾಮೆರಾ ಸರ್ರೆಂದು ಆಯಾ ಮುಖಕ್ಕೆ ನುಗ್ಗುತ್ತದೆ, ಹಿಂದೆ ಧಡ್ ಎಂದು ಸದ್ದು ಬೀಳುತ್ತದೆ. ಸಂಶಯವು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾಯುವುದನ್ನು ಕಣ್ಣಿಗೆ ಕಾಣಿಸುವ ಉಪಾಯ ಅದು.

ಹಿರಿಯರು: ಉಪಾಯ ಎನ್ನುವುದಕ್ಕಿಂತ ಮೇಳ ಎನ್ನಬೇಕು. ಈ ಸೀಮೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನು ಕೇಳುತ್ತಾನೆ, ಪಾತ್ರಧಾರಿ ಹೇಳುತ್ತಾನೆ, ಹಿಮ್ಮೇಳದವರು ಅದನ್ನೇ ಎತ್ತಿ ಹಾಡುತ್ತಾರೆ. ಹೂವು ಯಾರಿಗೆ ಹೋಯಿತು, ಸತ್ಯಭಾಮೆ ಏಕೆ ಮುನಿದಳು ಎಂಬುದು ನೋಡುವವರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿರುವುದು ಯಾವಾಗ ಬರುತ್ತದೆ ಎಂದು ಕಾಯುವುದೇ ರಸ. ‘ಸಿಐಡಿ’ಯನ್ನು ರಹಸ್ಯಕ್ಕಾಗಿ ನೋಡುವವರು ಕಡಿಮೆ. ಎಸಿಪಿಯ ಕೈ ಯಾವಾಗ ತಿರುಗುತ್ತದೆ, ತಂಡದ ಫ್ರೆಡ್ರಿಕ್ಸ್ ಯಾವಾಗ ಪೆದ್ದನಾಗುತ್ತಾನೆ, ದಯಾ ಯಾವಾಗ ಬಾಗಿಲು ಒಡೆಯುತ್ತಾನೆ ಎಂದು ಕಾಯುವುದಕ್ಕೇ ಮಂದಿ ಕೂಡುತ್ತಿದ್ದರು. ಹಾಗೆಂದು ಕಸುಬು ಕಳಪೆಯಲ್ಲ: 2004ರಲ್ಲಿ ಇದೇ ತಂಡವು 111 ನಿಮಿಷಗಳ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ, ಒಂದೇ ಓಟದ ಚಿತ್ರೀಕರಣದಲ್ಲಿ ಮುಗಿಸಿ ಗಿನ್ನೆಸ್ ದಾಖಲೆಗೆ ಸೇರಿತು. ಒಬ್ಬ ನಟ ಮಾತು ಮರೆತರೂ ಮೊದಲಿನಿಂದ ಶುರುಮಾಡಬೇಕಾದ ಕೆಲಸ ಅದು.

ಯುವತಿ: ಬಾಗಿಲಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಬಂಧಿಸಲು ಹೋದ ಪೊಲೀಸರು ಮೊದಲು ತಾವು ಯಾರು, ಏಕೆ ಬಂದೆವೆಂದು ತಿಳಿಸಿ ಒಳಗೆ ಬಿಡುವಂತೆ ಕೇಳಬೇಕು. ಬಿಡದಿದ್ದಾಗ ಮಾತ್ರ ಒಡೆಯಬಹುದು. ಒಳಗೆ ಪರದೆಯಲ್ಲಿರುವ ಹೆಂಗಸರಿದ್ದರೆ ಅವರು ಹೊರಗೆ ಸರಿಯಲು ಅವಕಾಶ ಕೊಡಬೇಕು. ದಯಾ ಎಷ್ಟು ಬಾಗಿಲುಗಳ ಮುಂದೆ ನಿಂತು ಹೀಗೆ ಕೇಳಿದ್ದಾನೆ? ಇನ್ನು ಕೆನ್ನೆಗೇಟು. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿಯೇ ಸುಪ್ರೀಂ ಕೋರ್ಟು, ಬಂಧಿಸುವವರು ಹೆಸರಿನ ಫಲಕ ಧರಿಸಬೇಕು, ಬಂಧನದ ಟಿಪ್ಪಣಿ ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು ಎಂದು ಕಟ್ಟಳೆ ಮಾಡಿತು. ಎರಡು ವರ್ಷಗಳ ಬಳಿಕ ಆರಂಭವಾದ ಧಾರಾವಾಹಿಯಲ್ಲಿ ಸಮವಸ್ತ್ರವೂ ಇಲ್ಲ, ಟಿಪ್ಪಣಿಯೂ ಇಲ್ಲ.

ಹಿರಿಯರು: ಏಟನ್ನು ಸಮರ್ಥಿಸುವ ಹವಾಲ್ದಾರರು ಇಲ್ಲವೆಂದಲ್ಲ, ಇಲ್ಲಿ ಸಮರ್ಥನೆ ಇಲ್ಲ. ಆದರೆ ಏಟು ಬೀಳಲಿ ಎಂದು ಪೊಲೀಸರಿಗಿಂತ ಹೆಚ್ಚು ಆಸೆಪಡುವವರು ಚಹಾದಂಗಡಿಯಲ್ಲಿ ಕುಳಿತ ಜನ ಎಂಬುದನ್ನೂ ನೆನಪಿಡಬೇಕು. ಕಳವಾದ ಎತ್ತಿನ ಫಿರ್ಯಾದಿ ಕೊಟ್ಟವನು ಎರಡನೆಯ ದಿನವೇ ಬಂದು ‘ಎರಡು ಬಿಗಿದು ಕೇಳಿರಿ, ಹೇಳುತ್ತಾನೆ’ ಎನ್ನುತ್ತಾನೆ. ಧಾರಾವಾಹಿ ಆ ಆಸೆಯನ್ನು ಹುಟ್ಟಿಸಲಿಲ್ಲ. ಇದ್ದುದಕ್ಕೆ ಮುಖ ಕೊಟ್ಟಿತು. ಇನ್ನು ದಯಾನ ವಿಷಯ: ಆ ಪಾತ್ರ ಮಾಡಿದ ದಯಾನಂದ ಶೆಟ್ಟಿ ಉಡುಪಿ ಜಿಲ್ಲೆಯ ಕಟಪಾಡಿಯ ಮೂಲದವರು, ಚಕ್ರ ಎಸೆತದ ಕ್ರೀಡಾಪಟುವಾಗಿದ್ದವರು. ಹಿಂದಿಯ ಧಾರಾವಾಹಿಯಲ್ಲಿ ಕರ್ನಾಟಕದ ತೋಳು ಬಾಗಿಲು ಒಡೆಯುತ್ತದೆ ಎಂಬ ಹೆಮ್ಮೆ ಒಂದು ಕಡೆ ಇರಲಿ. ಆ ಬಾಗಿಲಿನ ನಿಜವಾದ ಅರ್ಥ ಬೇರೆ. ಅಲ್ಲಿ ಪೊಲೀಸರಿಗೆ ಇರುವ ಒಂದೇ ಅಡ್ಡಿ ಕಟ್ಟಿಗೆಯ ಬಾಗಿಲು. ‘ಅವನು ಬೇಕಾದವನು, ಬಿಟ್ಟುಬಿಡಿ’ ಎಂಬ ದೂರವಾಣಿ ಕರೆ ಬಂದರೂ ಎಸಿಪಿ ಅದನ್ನು ಮೇಜಿನ ಮೇಲಿಟ್ಟು ತನ್ನ ಕೆಲಸ ನೋಡುತ್ತಾರೆ. ವರ್ಗಾವಣೆಯ ಆದೇಶ ಮರುದಿನವೇ ಬರುವುದಿಲ್ಲ. ಜಿಲ್ಲೆಯ ಠಾಣೆಗಳಲ್ಲಿ ಕಾಲು ಸವೆಸಿದವರಿಗೆ ಬಾಗಿಲಿಗಿಂತ ಆ ಸ್ವಾತಂತ್ರ್ಯವೇ ಕನಸು.

ಯುವತಿ: ಅಲ್ಲಿಯೇ ದೊಡ್ಡ ಆಕ್ಷೇಪಣೆ ಇರುವುದು. ರಾಜಕೀಯವಿಲ್ಲದ, ಮೇಲಿನ ಕೈ ಇಲ್ಲದ, ಜಾತಿ ಕೇಳದ ಪೊಲೀಸ್ ಇಲಾಖೆಯನ್ನು ಕಟ್ಟಿ ತೋರಿಸಿದಾಗ, ತಪ್ಪೆಲ್ಲ ಒಬ್ಬ ವ್ಯಕ್ತಿಯ ಆಸೆ, ಹೊಟ್ಟೆಕಿಚ್ಚು, ಆಸ್ತಿಯ ಜಗಳಕ್ಕೆ ಇಳಿಯುತ್ತದೆ. ಕೊಲೆಗಾರನು ಯಾರೆಂಬುದು ಸಮಾಜಕ್ಕೆಲ್ಲ ಒಂದೇ ಉತ್ತರವಿರುವ ಪ್ರಶ್ನೆ ಎಂದು ಈ ಪ್ರಕಾರವು ಮೊದಲೇ ಹಿಡಿದು ಹೊರಡುತ್ತದೆ. ಹಾಗಲ್ಲವೆಂದು ನರಗುಂದಕ್ಕಿಂತ ಚೆನ್ನಾಗಿ ಬಲ್ಲ ಊರು ಯಾವುದು? 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಅವನ ತಲೆಯನ್ನು ಇದೇ ಊರಿನ ಕೋಟೆಯ ಬಾಗಿಲಿಗೆ ತೂಗುಹಾಕಿದರು. ಜೂನ್ 12ರಂದು ಬೆಳಗಾವಿಯಲ್ಲಿ ನರಗುಂದದ ಅರಸ ಬಾಬಾಸಾಹೇಬರಿಗೆ ಗಲ್ಲಾಯಿತು. ಕೊಂದವರು ಯಾರೆಂಬುದು ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು. ಸರಕಾರದ ಕಡತದಲ್ಲಿ ಕೊಲೆಗಾರ, ಊರಿನ ನೆನಪಿನಲ್ಲಿ ವೀರ. ಈ ಪ್ರಕರಣವನ್ನು ಎಸಿಪಿ ಪ್ರದ್ಯುಮನ್‌ಗೆ ಕೊಟ್ಟರೆ ಅವರು ಯಾರ ಕಡೆ ಬೆರಳಾಡಿಸಬೇಕು?

ಹಿರಿಯರು: ಆ ಕಥೆಯಲ್ಲಿ ಒಬ್ಬ ಪೊಲೀಸನೂ ಇದ್ದಾನೆ, ಅವನನ್ನು ಬಿಡಬಾರದು. ಕಾಡಿನಲ್ಲಿ ಬಾಬಾಸಾಹೇಬರ ಜಾಡು ಹಿಡಿದು ಸೆರೆಹಿಡಿದವನು ಆಗ ಈ ಭಾಗದ ಪೊಲೀಸ್ ಅಧಿಕಾರಿಯಾಗಿದ್ದ ಫ್ರಾಂಕ್ ಸೂಟರ್; ಅವನೇ 1864ರಲ್ಲಿ ಮುಂಬಯಿಯ ಪೊಲೀಸ್ ಕಮಿಷನರ್ ಆಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಆ ನಗರದ ಇಲಾಖೆಯನ್ನು ಕಟ್ಟಿದ. ಧಾರಾವಾಹಿಯ ಸಿಐಡಿ ತಂಡ ಓಡಾಡುವುದೂ ಅದೇ ಮುಂಬಯಿಯಲ್ಲಿ. ನರಗುಂದದ ಅರಸನನ್ನು ಹಿಡಿದ ಕೈಯೇ ಎಸಿಪಿ ಪ್ರದ್ಯುಮನ್‌ನ ಇಲಾಖೆಗೆ ಅಡಿಪಾಯ ಹಾಕಿತು ಎಂದರೆ ನಿನ್ನ ವಾದಕ್ಕೇ ಬಲ ಬರುತ್ತದೆ, ಬರಲಿ. ಆದರೆ ರಾಜ್ಯದ ನ್ಯಾಯ ಮತ್ತು ಊರಿನ ನ್ಯಾಯ ಬೇರೆಯಾಗುವ ಕಥೆಗೆ ಬೇರೆ ಪ್ರಕಾರಗಳಿವೆ, ಲಾವಣಿ ಇದೆ, ನಾಟಕವಿದೆ. ಹೆಂಡತಿಗೆ ವಿಷವಿಟ್ಟವನ ಪ್ರಕರಣದಲ್ಲಿ ಎರಡು ನ್ಯಾಯಗಳಿಲ್ಲ, ಅಂಥವೇ ಹೆಚ್ಚು. ಪೊಲೀಸ್ ಧಾರಾವಾಹಿ ತನ್ನ ಪಾಲಿನ ಹೊಲ ಉತ್ತರೆ ಸಾಲದೆ?

ಯುವತಿ: ಉಳದೆ ಬಿಟ್ಟ ಹೊಲ ಚಿಕ್ಕದಾಗಿದ್ದರೆ ಸಾಲುತ್ತಿತ್ತು. 1980ರ ಜುಲೈ 21ನ್ನು ತೆಗೆದುಕೊಳ್ಳಿ. ಕಾಲುವೆಯಿಂದ ಜಮೀನಿನ ಬೆಲೆ ಏರಿತೆಂದು ಸರಕಾರ ಹಾಕುವ ಬೆಟರ್‌ಮೆಂಟ್ ಲೆವಿಯನ್ನು ಮಲಪ್ರಭಾ ಅಚ್ಚುಕಟ್ಟಿನ ರೈತರು ಕಟ್ಟಲಾರೆವೆಂದು ನಿಂತರು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಪೊಲೀಸರ ಗುಂಡಿಗೆ ಬಿದ್ದರು. ಇಂದಿಗೂ ಆ ದಿನ ರೈತ ಹುತಾತ್ಮ ದಿನ. ಮಹದಾಯಿ ನದಿಯ ನೀರಿಗಾಗಿ 2015ರ ಜುಲೈನಲ್ಲಿ ಇದೇ ಊರಿನಲ್ಲಿ ಧರಣಿ ಆರಂಭವಾಯಿತು. ಮರುವರ್ಷ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಬಂದ ಬಳಿಕ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು ಮುದುಕರೆನ್ನದೆ ಬಡಿದದ್ದನ್ನು ನಾಡೆಲ್ಲ ನೋಡಿತು. ಅದೂ ದೂರದರ್ಶನದಲ್ಲೇ, ಅದೇ ಪೆಟ್ಟಿಗೆಯಲ್ಲೇ. ಒಂದು ವಾಹಿನಿಯಲ್ಲಿ ದಯಾ, ಇನ್ನೊಂದು ವಾಹಿನಿಯಲ್ಲಿ ಯಮನೂರು. ಧಾರಾವಾಹಿಯ ಪೊಲೀಸರ ಎದುರು ಎಂದಾದರೂ ಗುಂಪು ಬಂದು ನಿಂತಿದೆಯೇ?

ಹಿರಿಯರು: 1980ರ ಆ ದಿನ ನರಗುಂದದಲ್ಲಿ ಸತ್ತವರಲ್ಲಿ ಪೊಲೀಸರೂ ಇದ್ದರು, ಜನರ ಕೈಯಲ್ಲಿ. ಅದನ್ನು ಹೇಳದೆ ಆ ತಾರೀಖನ್ನು ಹೇಳಿದರೆ ಅರ್ಧ ಪಂಚನಾಮೆ ಬರೆದಂತೆ. ಗುಂಪಿನ ಮಾತು ಖರೆ. ಗುಂಪಿನ ಪ್ರಕರಣದಲ್ಲಿ ಪ್ರಥಮ ವರ್ತಮಾನ ವರದಿಯಲ್ಲಿ, ಅಂದರೆ ಎಫ್ಐಆರಿನಲ್ಲಿ, ಹತ್ತು ಹೆಸರು ಬರೆದು ಕೊನೆಗೆ ‘ಮತ್ತು ಇತರರು’ ಎಂದು ಸೇರಿಸುತ್ತಾರೆ. ಆ ‘ಇತರರು’ ಯಾರೆಂದು ಕಾನೂನಿಗೂ ಗೊತ್ತಾಗುವುದಿಲ್ಲ, ಕಥೆಗೂ ಗೊತ್ತಾಗುವುದಿಲ್ಲ. ಅಮೆರಿಕದವರು 1981ರಲ್ಲಿ ಆರಂಭಿಸಿದ ‘ಹಿಲ್ ಸ್ಟ್ರೀಟ್ ಬ್ಲೂಸ್’ನಲ್ಲಿ ಒಂದು ಠಾಣೆಯ ಗದ್ದಲ, ಮುಗಿಯದ ಪ್ರಕರಣ, ಪೊಲೀಸರ ಸೋಲು, ಮನೆಯ ಜಗಳ ಎಲ್ಲವನ್ನೂ ತಂದರು ಎನ್ನುತ್ತಾರೆ, ಅಂದರೆ ಪ್ರಕಾರಕ್ಕೆ ಶಕ್ತಿ ಇದೆ, ಇಲ್ಲಿಯವರು ಅದನ್ನು ಕೇಳಲಿಲ್ಲ ಅಷ್ಟೇ.

ಯುವತಿ: ಕನ್ನಡದವರು ಕೇಳಿದ್ದು ನ್ಯಾಯಾಲಯವನ್ನು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಜನ ನೆನಪಿಟ್ಟುಕೊಂಡದ್ದು ಸಿಎಸ್‌ಪಿ ವಕೀಲರ ಪಾಟೀಸವಾಲುಗಳನ್ನು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಿ ಅವನ ಮಾತಿನ ಗಟ್ಟಿತನ ನೋಡುವ ಭಾಗವನ್ನು. ಪೊಲೀಸರು ತಂದದ್ದನ್ನು ಅಲ್ಲಿ ಯಾರಾದರೂ ಅನುಮಾನಿಸಬಹುದು. ‘ಸಿಐಡಿ’ಯಲ್ಲಿ ಅನುಮಾನಿಸುವ ಹಕ್ಕು ಒಂದೇ ಕಡೆಗಿದೆ.

ಹಿರಿಯರು: ಒಂದು ಪಾಟೀಸವಾಲು ಎರಡು ವಾರ ನಡೆಯುತ್ತಿತ್ತು, ಅಷ್ಟರಲ್ಲಿ ಸಾಕ್ಷಿದಾರನು ಮರೆತೇ ಹೋಗುತ್ತಿದ್ದ. ಅದಿರಲಿ, ಇಷ್ಟೆಲ್ಲ ಅನುಮಾನವಿರುವ ಹುಡುಗಿ ಪಿಎಸ್ಐ ಹುದ್ದೆಯನ್ನೇ ಏಕೆ ಬಯಸಬೇಕು? ವಕೀಲಿಕೆ ಮಾಡಬಹುದಿತ್ತು. ಯಾವ ಕಥೆ ನೋಡಿ ಈ ಮನಸ್ಸು ಹುಟ್ಟಿತು?

ಯುವತಿ: ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ದೂರದರ್ಶನದಲ್ಲಿ 1989ರಲ್ಲಿ ಬಂದ ‘ಉಡಾನ್’ ಅನ್ನು ತಾಯಂದಿರ ಪೀಳಿಗೆ ನೋಡಿತ್ತು. ಕವಿತಾ ಚೌಧರಿಯವರು ಐಪಿಎಸ್ ಅಧಿಕಾರಿಯಾಗಿದ್ದ ತಮ್ಮ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯರ ಬದುಕಿನಿಂದ ಪ್ರೇರಣೆ ಪಡೆದು ಕಲ್ಯಾಣಿ ಸಿಂಗ್ ಪಾತ್ರವನ್ನು ಬರೆದು, ನಿರ್ದೇಶಿಸಿ, ತಾವೇ ಅಭಿನಯಿಸಿದರು. ಆ ಅಕ್ಕ 2004ರಲ್ಲಿ ಉತ್ತರಾಖಂಡದಲ್ಲಿ ರಾಜ್ಯವೊಂದರ ಪೊಲೀಸ್ ಮಹಾನಿರ್ದೇಶಕಿಯಾದ ದೇಶದ ಮೊದಲ ಮಹಿಳೆಯಾದರು. ಕನ್ನಡದಲ್ಲಿ 2018ರಲ್ಲಿ ಸೀತಾರಾಂ ಅವರೇ ‘ಮಗಳು ಜಾನಕಿ’ಯನ್ನು ಪೊಲೀಸ್ ಅಧಿಕಾರಿಯಾಗಿಸಿದರು. ಆ ಕಥೆಗಳಲ್ಲಿ ಬಾಗಿಲು ಒಡೆಯುವುದಕ್ಕಿಂತ ಮನೆಯ ಬಾಗಿಲು ದಾಟುವುದು ದೊಡ್ಡ ದೃಶ್ಯ. ಈ ಭಾಗದ ಓದುವ ಕೋಣೆಗಳಲ್ಲಿ ಕುಳಿತ ಹೆಣ್ಣುಮಕ್ಕಳಲ್ಲಿ ಹಲವರು ಅಂಥದೊಂದು ಮುಖವನ್ನು ಪರದೆಯ ಮೇಲೆ ಕಂಡೇ ಬಂದವರು. ಆದರೆ ಪರದೆ ಕೊಟ್ಟ ಆಸೆಯನ್ನು ಇಲಾಖೆಯೇ ಹೇಗೆ ನಡೆಸಿಕೊಂಡಿತು? 545 ಪಿಎಸ್ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, ನಿಜವಾದ ಸಿಐಡಿ ತನಿಖೆಗಿಳಿದು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯನ್ನೇ ಬಂಧಿಸಿತು; ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ಹಿರಿಯರು: ಹಾಗಾದರೆ ಒಮ್ಮೆಯಾದರೂ ಸಿಐಡಿ ಬಾಗಿಲು ಒಡೆದಂತಾಯಿತಲ್ಲ, ಅದೂ ತನ್ನ ಇಲಾಖೆಯದನ್ನೇ!

ಯುವತಿ: ಒಡೆಯಿತು, ಆದರೆ ಆ ಕಥೆಯನ್ನು ಧಾರಾವಾಹಿ ಮಾಡಿದವರಿಲ್ಲ. ಉತ್ತರ ಪತ್ರಿಕೆಗಳನ್ನು ಒಂದೊಂದಾಗಿ ತೆಗೆದು, ಬಿಟ್ಟ ಪ್ರಶ್ನೆಗಳಿಗೆ ಆಮೇಲೆ ಗುರುತು ಹಾಕಲಾಗಿದೆಯೇ ಎಂದು ಪರಿಶೀಲಿಸುವುದು, ಕೇಂದ್ರಗಳ ಕ್ಯಾಮೆರಾ ದೃಶ್ಯಗಳನ್ನು ಗಂಟೆಗಟ್ಟಲೆ ನೋಡುವುದು, ಹೇಳಿಕೆ ಬರೆದುಕೊಳ್ಳುವುದು. ಅದನ್ನು ತಾಳ್ಮೆಯಿಂದ ತೋರಿಸಿದರೆ ನೋಡುವವರು ಇರುತ್ತಾರೆಯೇ ಎಂಬುದೇ ಪ್ರಶ್ನೆ.

ಹಿರಿಯರು: ಇರುತ್ತಾರೆ, ಆದರೆ ಅದರಲ್ಲಿ ಇಬ್ಬರು ಕಾಲೆಳೆದುಕೊಳ್ಳುವವರು ಇರಬೇಕು, ಒಬ್ಬ ಫ್ರೆಡ್ರಿಕ್ಸ್ ಇರಬೇಕು, ನಡುನಡುವೆ ಧಡ್ ಎನ್ನುವ ಸದ್ದು ಇರಬೇಕು. ಪಂಚನಾಮೆ ಓದಿದಂತೆ ಓದಿದರೆ ನ್ಯಾಯಾಧೀಶರೇ ಆಕಳಿಸುತ್ತಾರೆ.

ಯುವತಿ: ಸದ್ದು ಬೇಕಾದರೆ ಇರಲಿ. ಆದರೆ ಅದನ್ನು ಮುಂಬಯಿಯಲ್ಲಿ ತೆಗೆಯಬಾರದು, ನರಗುಂದದಲ್ಲಿ ತೆಗೆಯಬೇಕು, ಮೊದಲ ಕಂತು ಜುಲೈ 21ರದಾಗಿರಬೇಕು.

ಹಿರಿಯರು: ತೆಗೆಯಲಿ, ಆದರೆ ಗುಂಡಿಗೆ ಬಿದ್ದ ರೈತನ ಮನೆಯ ಜೊತೆಗೆ ಅಂದು ಸತ್ತ ಪೊಲೀಸರ ಮನೆಯನ್ನೂ ತೋರಿಸಬೇಕು.

ಯುವತಿ: ತೋರಿಸಬೇಕು. ಆಮೇಲೆ ವಿಚಾರಣೆಯ ಕೊಠಡಿಯಲ್ಲಿ ಯಾರನ್ನು ಕೂರಿಸುವುದು, ಕಾಕಾ? ಲೆವಿ ಹಾಕಿದವರನ್ನೋ, ಕಲ್ಲು ತೂರಿದವರನ್ನೋ, ಗುಂಡು ಹಾರಿಸಲು ಹೇಳಿದವರನ್ನೋ?

ಹಿರಿಯರು: ಮೂವರನ್ನೂ ಕೂರಿಸಬೇಕು. ಆದರೆ ಕೇಳುವವರು ಮಾತ್ರ ಪೊಲೀಸರೇ ಆಗಿರಬೇಕು, ಇಲ್ಲದಿದ್ದರೆ ಅದು ಬೇರೇನೋ ಕಾರ್ಯಕ್ರಮವಾಗುತ್ತದೆ.

ಯುವತಿ: ಆ ಒಂದು ಷರತ್ತನ್ನು ಮಾತ್ರ ಒಪ್ಪಲಾಗದು.